ಪುಸ್ತಕ ಬಂದ ಮೇಲೆ ಬರೆಯೋದೇ ನಿಂತುಹೋಗಿದೆ, ಯಾರಿಗಾದ್ರೂ ಹೀಗೆ ಆಗಿದ್ಯಾ?

ಚೆಕ್‌ರೋಲ್, ಸಿದ್ದಾಪುರ
2025 ಜುಲೈ 12, ರಾತ್ರಿ 9:50

ಇಲ್ಲಿ ಮೂರು ವರ್ಷದಿಂದ ಸುಮ್ಮನೆ ಓದಿಕೊಂಡು ಹೋಗುವವನು ನಾನು. ಬಾಯಿ ಬಿಡುತ್ತಿರುವುದು ಇವತ್ತೇ.

ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ಬಯಲುಸೀಮೆಯವರು ತಪ್ಪು ತಿಳಿಯಬಾರದು, ತೋಟದ ರೈಟರ್ ಅಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಹಾಜರಿ ಹಾಕಬೇಕು, ಯಾವ ಬ್ಲಾಕಿಗೆ ಎಷ್ಟು ಆಳು ಹೋಯ್ತು ಬರೆಯಬೇಕು, ಗೊಬ್ಬರದ ಮೂಟೆ ಎಣಿಸಬೇಕು, ವಾರಕ್ಕೊಮ್ಮೆ ಬಟವಾಡೆ ಲೆಕ್ಕ ಕಟ್ಟಬೇಕು. ನಮ್ಮಲ್ಲಿ "ಅವನು ರೈಟರ್" ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸಂಜೆ ಮೇಲೆ ನಾನು ಇನ್ನೊಂದು ನಮೂನೆಯ ರೈಟರ್ ಅಂತ ನನ್ನ ಹೆಂಡತಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ನಾ. ಡಿಸೋಜ ಅಧ್ಯಕ್ಷರಾಗಿದ್ದದ್ದು, ಅಲ್ಲಿ ಪುಸ್ತಕದ ಮಳಿಗೆ ಸುತ್ತಿ ಬಂದ ರಾತ್ರಿಯೇ ಮೊದಲ ಕಥೆ ಬರೆದೆ. ಚೆಕ್‌ರೋಲಿನ, ಅಂದರೆ ಹಾಜರಿ ಪುಸ್ತಕದ, ಹಿಂದಿನ ಖಾಲಿ ಹಾಳೆಯಲ್ಲಿ. ಆಮೇಲೆ ಹತ್ತು ವರ್ಷದಲ್ಲಿ ಹನ್ನೊಂದು ಕಥೆ. ಅದರಲ್ಲಿ ಮೂರು ಕಥೆ ಪತ್ರಿಕೆಗಳಲ್ಲಿ ಬಂದವು. ಉಳಿದವು ಎಲ್ಲಿಗೆ ಹೋದವು ಅಂತ ಕಳಿಸಿದ ನನಗೂ ಗೊತ್ತಿಲ್ಲ, ತರಿಸಿಕೊಂಡವರಿಗೂ ಗೊತ್ತಿರಲಿಕ್ಕಿಲ್ಲ. "ಬೇಡ" ಅಂತ ಒಂದು ಗೆರೆ ಬಂದಿದ್ದರೆ ನಾಲ್ಕು ದಿನ ಬೇಜಾರು ಮಾಡಿ ಐದನೇ ದಿನ ಎದ್ದು ಕೂರುತ್ತಿದ್ದೆ. ಏನೂ ಬರದೇ ಇದ್ದರೆ ಬೇಜಾರು ಶುರು ಮಾಡೋದಾದ್ರೂ ಯಾವ ದಿನದಿಂದ?

ಕಳೆದ ವರ್ಷ ಹನ್ನೊಂದನ್ನೂ ಸೇರಿಸಿ ಪುಸ್ತಕ ಮಾಡಿಸಿದೆ. ಪ್ರಕಾಶಕರ ಹೆಸರು ಬೇಡ. 38,000 ರೂಪಾಯಿ ಕೊಟ್ಟೆ. ಐನೂರು ಪ್ರತಿ ಅಂದಿದ್ದರು, ಬಂದದ್ದು ಇನ್ನೂರು. ಕರಡು ಕಳಿಸುತ್ತೇವೆ ಅಂದಿದ್ದರು, ಕಳಿಸಲಿಲ್ಲ, ನಾನೂ ಸಂಕೋಚಕ್ಕೆ ಕೇಳಲಿಲ್ಲ. ಕಟ್ಟು ಬಿಚ್ಚಿ ಮೊದಲ ಪುಟ ತೆರೆದರೆ "ಸೂಯ೯ ಮುಳುಗುತ್ತಿದ್ದ" ಅಂತ ಉಂಟು. ಅರ್ಕಾವತ್ತು ಬರುವಲ್ಲೆಲ್ಲ ಒಂಬತ್ತು ಕೂತಿದೆ. ಕಾಯ೯, ಆಶ್ಚಯ೯, ಧೈಯ೯. ಇಡೀ ಪುಸ್ತಕದಲ್ಲಿ ಒಬ್ಬರಿಗೂ ಧೈರ್ಯ ಇಲ್ಲ ಮಾರಾಯ್ರೆ, ಎಲ್ಲರಿಗೂ ಧೈಯ೯ವೇ.

ಬಿಡುಗಡೆ ಗಿಡುಗಡೆ ಮಾಡಲಿಲ್ಲ. ಹನ್ನೆರಡು ಪ್ರತಿ ಹಂಚಿದೆ. ನಮ್ಮ ಭಾವ ಓದಿ ಹೇಳಿದ್ದು, "ಕವರು ಚೆನ್ನಾಗುಂಟು." ಉಳಿದವು ಮಂಚದ ಕೆಳಗೆ ಇವೆ. ಈ ಮಳೆಗೆ ಬೂಷ್ಟು ಹಿಡಿಯುತ್ತಾ ಉಂಟು. ಮಾರ್ಚ್‌ನಿಂದ ಒಂದು ಸಾಲು ಬರೆದಿಲ್ಲ. ಪೆನ್ನು ಹಿಡಿದರೆ ಹಾಜರಿ ಮಾತ್ರ ಬರುತ್ತದೆ.

ಇಂಥದ್ದರಿಂದ ಎದ್ದು ಬಂದವರು ಇದ್ದರೆ ಹೇಗೆ ಎದ್ದಿರಿ ಅಂತ ಹೇಳಿ. "ಪ್ರಯತ್ನ ಬಿಡಬೇಡಿ" ಅಂತ ಮಾತ್ರ ಹೇಳಬೇಡಿ, ಅದು ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲೂ ಉಂಟು.


ಕಾಳುಮೆಣಸು, ಪೊನ್ನಂಪೇಟೆ
ಜುಲೈ 12, ರಾತ್ರಿ 10:31

ಸರಿ, ಹಾಗಾದ್ರೆ ಉಲ್ಟಾ ಹೇಳ್ತೇನೆ. ಬಿಟ್ಟುಬಿಡಿ.

ಬೈಯ್ತಿಲ್ಲ. ಹತ್ತು ವರ್ಷದಲ್ಲಿ ಹನ್ನೊಂದು ಕಥೆ ಅಂದ್ರೆ ವರ್ಷಕ್ಕೊಂದು ಚಿಲ್ಲರೆ. ನಿಮ್ಮ ಲೆಕ್ಕದಲ್ಲೇ ಮಾರ್ಚ್‌ನಿಂದ ಜುಲೈಗೆ ಬರೆಯದೇ ಇದ್ದದ್ದು ದೊಡ್ಡ ವಿಷಯವೇ ಅಲ್ಲ, ಮುಂಚೆಯೂ ಹಾಗೇ ಇದ್ದಿರಿ. ಈಗ ಮಂಚದ ಕೆಳಗೆ ಕಟ್ಟು ಉಂಟು, ಅದು ನೆನಪು ಮಾಡ್ತದೆ ಅಷ್ಟೇ. ಬೇಡ ಅನ್ನಿಸಿದ್ರೆ ಬಿಡಿ, ಯಾರೂ ಕೇಳೋದಿಲ್ಲ. ಬಿಡಕ್ಕಾಗದಿದ್ರೆ ಆವಾಗ ನೋಡುವ.


ಕಿತ್ತಳೆ ಸಿಪ್ಪೆ, ಮಡಿಕೇರಿ
ಜುಲೈ 12, ರಾತ್ರಿ 11:05

ಅಯ್ಯೋ ಮೆಣಸು ಅಂಕಲ್, ಮೊದಲನೇ ಉತ್ತರವೇ ಇಷ್ಟು ಖಾರವಾ.

ಚೆಕ್‌ರೋಲ್ ಅಣ್ಣ, ನೀವು ಒಂದು ವಿಷಯ ಯೋಚನೆ ಮಾಡಿ. ಮೊನ್ನೆ ಮೇ 20ಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಬಾನು ಮುಷ್ತಾಕ್ ಅವರಿಗೆ. ಅನುವಾದ ಮಾಡಿದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. 50,000 ಪೌಂಡ್ ಬಹುಮಾನ ಇಬ್ಬರಿಗೂ ಅರ್ಧರ್ಧ. ಕನ್ನಡಕ್ಕೆ ಮೊದಲನೇ ಸಲ, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಮೊದಲನೇ ಸಲ. ಅದರಲ್ಲಿರುವ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತು ಚಿಲ್ಲರೆ ವರ್ಷ! ಸಣ್ಣಕಥೆ ಯಾರು ಓದ್ತಾರೆ ಅಂತಿದ್ದ ನಮ್ಮ ಕಾಲೇಜಿನವರೆಲ್ಲ ಆ ವಾರ ಸ್ಟೇಟಸ್ ಹಾಕಿಕೊಂಡು ಓಡಾಡಿದರು. ನಿಮ್ಮದು ಹನ್ನೊಂದು ಉಂಟು, ಇನ್ನೊಂದು ಬರೆದರೆ ಹನ್ನೆರಡು. (ತಮಾಷೆಗೆ.)


ಚೆಕ್‌ರೋಲ್
ಜುಲೈ 13, ಬೆಳಿಗ್ಗೆ 5:40

ತಂಗಿ, ಆ ಸುದ್ದಿ ಬಂದ ದಿನ ನನಗೂ ಕುಣಿಯುವಷ್ಟು ಖುಷಿ ಆಗಿತ್ತು. ರಾತ್ರಿ ಮಲಗುವಾಗ ಮಾತ್ರ ಖುಷಿ ಇಳಿದು ಇನ್ನೇನೋ ಆಯ್ತು. ಲಂಡನ್ ಬೇಡ, ಸಿದ್ದಾಪುರದಲ್ಲಿ ಒಬ್ಬ ಓದಿ "ಆ ಮೂರನೇ ಕಥೆ ಉಂಟಲ್ಲ" ಅಂತ ಶುರು ಮಾಡಿದ್ದರೆ ಸಾಕಿತ್ತು ನನಗೆ.

ಮೆಣಸಿನವರೇ, ಬಿಡಲಿಕ್ಕೆ ಆಗುತ್ತಿಲ್ಲ. ಅದೇ ತೊಂದರೆ.

ಹಾಜರಿಗೆ ಹೊತ್ತಾಯ್ತು. ಕೆಳಗಿನ ಬ್ಲಾಕಿನಲ್ಲಿ ಆನೆ ನಿಂತಿದೆಯಂತೆ, ಇವತ್ತು ಆಳು ಮೇಲೆ ಹತ್ತುವುದೂ ತಡ.


ಅಚ್ಚಿನಮೊಳೆ, ಕುಶಾಲನಗರ
ಜುಲೈ 13, ಮಧ್ಯಾಹ್ನ 2:15

ನಾನು ಇಪ್ಪತ್ತೆರಡು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡ್ತಾ ಇದ್ದೇನೆ. ಸಮಾಧಾನ ಹೇಳಲಿಕ್ಕೆ ನನಗೆ ಬರೋದಿಲ್ಲ. ಆಗಿರೋದು ಏನು ಅಂತ ಹೇಳಬಲ್ಲೆ.

ನೀವು ಕೊಟ್ಟದ್ದು ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಇರಬೇಕು. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತಕ್ಕೆ, ತಿರುಗಿಸುವಾಗ ಅರ್ಕಾವತ್ತು ಮತ್ತು ಕೆಲವು ಒತ್ತಕ್ಷರ ಕೈ ಕೊಡ್ತವೆ. ಕೂತು ಒಂದೊಂದೇ ಸರಿ ಮಾಡಬೇಕು, ಹೊತ್ತು ಹಿಡಿಯುವ ಕೆಲಸ. ಆತುರಗಾರರು ಅದರ ಜಾಗಕ್ಕೆ ಕನ್ನಡದ ಒಂಬತ್ತು ಒತ್ತಿ ಮುಂದೆ ಹೋಗ್ತಾರೆ, ನೋಡಲಿಕ್ಕೆ ಒಂದೇ ಥರ ಕಾಣ್ತದೆ ಅಂತ. ನಿಮ್ಮ ಬರವಣಿಗೆಗೂ ಇದಕ್ಕೂ ಸಂಬಂಧವೇ ಇಲ್ಲ. ನೀವು ಎರಡನ್ನೂ ಒಂದೇ ಮೂಟೆಗೆ ತುಂಬಿ ಹೊತ್ತುಕೊಂಡಿದ್ದೀರಿ ಅಂತ ನನಗೆ ಕಾಣೋದು.

ಪುಸ್ತಕ ಎಷ್ಟು ಪುಟ? ಡೆಮಿ 1/8 ಅಳತೆ ಆದರೆ ಹದಿನಾರು ಪುಟಕ್ಕೊಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಕಂತು. ಇನ್ನೂರೇ ಪ್ರತಿ ಅಂದ್ರೆ ಆಫ್‌ಸೆಟ್ ಆಗಿರಲಿಕ್ಕಿಲ್ಲ, ಡಿಜಿಟಲ್‌ನಲ್ಲಿ ತೆಗೆದಿರ್ತಾರೆ. ಅಷ್ಟು ಕಮ್ಮಿ ಪ್ರತಿಗೆ ಪ್ಲೇಟ್ ಹಾಕೋದು ಯಾರಿಗೂ ಗಿಟ್ಟೋದಿಲ್ಲ.

ಮುಖ್ಯ ಪ್ರಶ್ನೆ, ಏನಾದರೂ ಬರೆದು ಸಹಿ ಹಾಕಿ ಕೊಟ್ಟಿದ್ದೀರಾ? 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲಿಖಿತದಲ್ಲಿ ಸಹಿ ಇಲ್ಲದೆ ಹಕ್ಕು ಕೈ ಬದಲಾಗೋದಿಲ್ಲ. ಸಹಿ ಹಾಕಿದ್ದರೂ ಎಷ್ಟು ಕಾಲಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತ ಲೆಕ್ಕ. ಬಾಯಿಮಾತಲ್ಲಿ ಆಗಿದ್ದರೆ ಹನ್ನೊಂದು ಕಥೆಯೂ ಇವತ್ತಿಗೂ ನಿಮ್ಮವೇ. ತಿದ್ದಿ ಇನ್ನೊಮ್ಮೆ ಎಲ್ಲಿ ಬೇಕಾದರೂ ಅಚ್ಚು ಹಾಕಿಸಬಹುದು. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ನಂಬರಿಗೆ, ಅಂತ ದುಡ್ಡು ತಗೊಂಡಿದ್ದರೆ ಅದೂ ಸುಮ್ಮನೆ, ನಮ್ಮ ದೇಶದಲ್ಲಿ ಅದನ್ನು ಪುಕ್ಕಟೆ ಕೊಡ್ತಾರೆ.

ಇನ್ನು ಹೊಸಬರು ಯಾರಾದರೂ ಇದನ್ನು ಓದ್ತಾ ಇದ್ದರೆ: ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡ್ತಾರೆ. ಛಂದ ಪುಸ್ತಕದವರು ಸಂಕಲನ ಇನ್ನೂ ಬರದವರಿಂದ ಹಸ್ತಪ್ರತಿ ಕರೆದು ಬಹುಮಾನ ಕೊಟ್ಟು ತಾವೇ ಪ್ರಕಟಿಸ್ತಾರೆ. ಜೇಬಿಗೆ ಕೈ ಹಾಕುವ ಮುಂಚೆ ಇವೆಲ್ಲ ನೋಡಿ.

ಮತ್ತೆ, ಆ ಕಟ್ಟನ್ನು ಮೊದಲು ಮಂಚದ ಕೆಳಗಿನಿಂದ ತೆಗೀರಿ ಸ್ವಾಮಿ. ಕೊಡಗಿನ ಜುಲೈ ತಿಂಗಳಲ್ಲಿ ಕಾಗದವನ್ನು ನೆಲದ ಹತ್ತಿರ ಇಡ್ತಾರಾ? ಅಡುಗೆಮನೆ ಅಟ್ಟಕ್ಕೆ ಹಾಕಿ.


ಚೆಕ್‌ರೋಲ್
ಜುಲೈ 13, ರಾತ್ರಿ 9:20

112 ಪುಟ. ಸಹಿ ಗಿಹಿ ಏನೂ ಇಲ್ಲ, ಎಲ್ಲ ಫೋನಿನಲ್ಲೇ. ಐಎಸ್‌ಬಿಎನ್‌ಗೆ ಅಂತ 1,500 ಕೊಟ್ಟಿದ್ದೆ. ನಗಬೇಡಿ.

ಕಟ್ಟು ಅಟ್ಟ ಹತ್ತಿತು.


ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ಜುಲೈ 14, ಬೆಳಿಗ್ಗೆ 11:00

ಪ್ರಿಯ ಚೆಕ್‌ರೋಲ್ ಅವರಿಗೆ,

ನಾನು ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವನು. ತಮ್ಮ ಬರಹ ಓದುತ್ತಿದ್ದಂತೆ ನನಗೆ ನಮ್ಮ ಕೊಡಗಿನ ಗೌರಮ್ಮನವರ ನೆನಪಾಯಿತು. 1912ರಲ್ಲಿ ಹುಟ್ಟಿದವರು. ಆ ಕಾಲದ ಹೆಣ್ಣುಮಗಳು ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು, ಕಥೆ ಬರೆಯುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಹಿಡಿದು ಅವರನ್ನು ಮನೆಗೆ ಕರೆಸಿಕೊಂಡು ಒಡವೆ ಬಿಚ್ಚಿ ಕೊಟ್ಟವರು. ಗಂಡನ ಹೆಸರಿನ ಹಿಂದೆ ನಿಂತು "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಎಂದು ಬರೆದರು. 1939ರ ಏಪ್ರಿಲ್‌ನಲ್ಲಿ ಹಾರಂಗಿ ಹೊಳೆಯಲ್ಲಿ ಈಜಲು ಹೋಗಿ ತೀರಿಕೊಂಡಾಗ ಇಪ್ಪತ್ತೇಳು ವರ್ಷ. ಕಥಾಸಂಕಲನಗಳು ಬಂದದ್ದು ಆಮೇಲೆ. ತಮ್ಮ ಹೆಸರಿನ ಪುಸ್ತಕವನ್ನು ಅವರು ಕೈಯಲ್ಲಿ ಹಿಡಿಯಲೇ ಇಲ್ಲ. ಅದರ ಮುಂದೆ ನಮ್ಮ ಅರ್ಕಾವತ್ತಿನ ಕಷ್ಟ ಯಾವ ಲೆಕ್ಕ, ತಾವೇ ಯೋಚಿಸಿ.


ಜಂಬೂರು ಅಕ್ಕ
ಜುಲೈ 14, ರಾತ್ರಿ 8:45

ಮೇಷ್ಟ್ರೇ, ಸಿಟ್ಟು ಮಾಡಬೇಡಿ. ಕುಸಿದು ಕೂತವನ ಮುಂದೆ ಸತ್ತವರನ್ನು ತಂದು ನಿಲ್ಲಿಸಿ "ಇವರನ್ನು ನೋಡು" ಅನ್ನುವುದು ನನಗೆ ಆಗುವುದಿಲ್ಲ. ನನ್ನ ಮುಂದೆ ಅದನ್ನು ಬಹಳ ಜನ ಮಾಡಿದ್ದಾರೆ. ಗೌರಮ್ಮ ನನಗೂ ದೊಡ್ಡವರೇ. ಅವರನ್ನು ತಕ್ಕಡಿಯ ಕಲ್ಲು ಮಾಡುವುದು ಬೇಡ.

ಚೆಕ್‌ರೋಲ್ ಅವರೇ, ನನ್ನ ಮನೆ ಮುಕ್ಕೋಡ್ಲು ಕಡೆ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಬಂದಾಗ ನಾವು ಹಸುವಿನ ಹಗ್ಗ ಬಿಚ್ಚಿ ಮೇಲಕ್ಕೆ ಓಡಿದೆವು. ಮಾರನೇ ದಿನ ನೋಡಿದರೆ ಮನೆ ಇದ್ದ ಜಾಗ ಯಾವುದು ಅಂತ ತೋರಿಸಲಿಕ್ಕೂ ಆಗಲಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಒಂಬತ್ತು ನೋಟ್‌ಬುಕ್ ಇದ್ದವು. ಎಂಟು ಪದ್ಯದ್ದು, ಒಂದು ಅರ್ಧ ಬರೆದ ಕಾದಂಬರಿಯದ್ದು.

ಪರಿಹಾರ ಕ್ಯಾಂಪಿನಲ್ಲಿ ಇದ್ದಾಗ ಯಾರ ಹತ್ತಿರವೂ ನೋಟ್‌ಬುಕ್ ವಿಷಯ ಎತ್ತಲಿಲ್ಲ. ಪಕ್ಕದ ಚಾಪೆಯವರಿಗೆ ಮಗನೇ ಇಲ್ಲ ಅಂತ ಆಗಿರುವಾಗ ನನ್ನ ಪದ್ಯದ ದುಃಖ ಯಾರಿಗೆ ಹೇಳಲಿ? ಒಬ್ಬರು ತಿಳಿದವರು ಬಂದಿದ್ದರು. ನಾನು ಬರೆಯುತ್ತೇನೆ ಅಂತ ಗೊತ್ತಾಗಿ "ಈ ನೋವಿನಿಂದ ನಿಮ್ಮಿಂದ ಒಂದು ದೊಡ್ಡ ಕೃತಿ ಬರುತ್ತದೆ ನೋಡಿ" ಅಂದರು. ಕೈಯಲ್ಲಿದ್ದ ಚಹಾ ಲೋಟ ಅವರ ಮೇಲೆ ಎಸೆಯಬೇಕು ಅನ್ನಿಸಿತು. ಚಹಾ ಬಿಸಿ ಇತ್ತು, ಮತ್ತೆ ಸಿಗುವುದು ಸಂಜೆಗೆ, ಅದಕ್ಕೆ ಕುಡಿದೆ.

ಬರೆಯಲಿಕ್ಕೆ ಶುರುವಾದದ್ದು ಹೇಗೆ ಅಂದರೆ, ನನ್ನ ಅಕ್ಷರ ದುಂಡು. ಪರಿಹಾರದ ಅರ್ಜಿ ತುಂಬಿಸಿಕೊಳ್ಳಲಿಕ್ಕೆ ಜನ ನನ್ನ ಹತ್ತಿರ ಬರುತ್ತಿದ್ದರು. ಫಾರಂನಲ್ಲಿ ಮನೆ, ಜಮೀನು, ಜಾನುವಾರು ಅಂತ ಗೆರೆಗಳು. ಒಬ್ಬರು ಅಜ್ಜಿ "ಒರಳುಕಲ್ಲು ಬರಿ" ಅಂದರು. ಅಜ್ಜಿ, ಅದಕ್ಕೆ ಜಾಗ ಇಲ್ಲ ಅಂದೆ. "ನಮ್ಮತ್ತೆ ಸುಂಟಿಕೊಪ್ಪ ಸಂತೆಯಿಂದ ಹೊರಿಸಿಕೊಂಡು ಬಂದದ್ದು, ನೀನು ಬರಿ" ಅಂತ ಹಟ. ಬೇರೆ ಒಂದು ಹಾಳೆಯಲ್ಲಿ ಬರೆದುಕೊಂಡೆ, ಅವರ ಸಮಾಧಾನಕ್ಕೆ. ಆಮೇಲೆ ಇನ್ನೊಬ್ಬರು ಬಂದು ಕಿತ್ತಳೆ ಮರ ಬರಿ ಅಂದರು, ಇಡೀ ತೋಟದಲ್ಲಿ ಸಿಹಿ ಇದ್ದದ್ದು ಅದೊಂದೇ ಅಂತೆ. ಮಗಳ ಮದುವೆಗೆ ತೆಗೆದಿಟ್ಟ ಕುಪ್ಪಸದ ಬಟ್ಟೆ. ನಾಯಿಯ ಹೆಸರು. ಹೀಗೆ ನಲವತ್ತು ಹಾಳೆ ಆಯ್ತು. ಅವು ಸರ್ಕಾರಕ್ಕೆ ಬೇಡದ್ದು, ನನ್ನ ಹತ್ತಿರವೇ ಉಳಿದವು.

ನನ್ನದು ಅಂತ ಒಂದು ಸಾಲು ಬರೆದದ್ದು ಅದಾಗಿ ಎರಡು ವರ್ಷಕ್ಕೆ, ಜಂಬೂರಿನ ಹೊಸ ಮನೆಗೆ ಬಂದ ಮೇಲೆ. ಕಳೆದುಹೋದ ಕಾದಂಬರಿಯನ್ನು ನೆನಪು ಮಾಡಿಕೊಂಡು ಬರೆಯಲಿಕ್ಕೆ ಹೋಗಲೇ ಇಲ್ಲ. ಅದು ಬೇರೆಯವಳು ಬರೆದದ್ದು.

ನಿಮಗೆ ನಾನು ಹೇಳುವುದು ಏನೂ ಇಲ್ಲ. ಆ ಪುಸ್ತಕದ ಒಂದು ಪ್ರತಿ ನನಗೆ ಕಳಿಸಿ. ಒಂಬತ್ತನ್ನು ನಾನು ಅರ್ಕಾವತ್ತು ಮಾಡಿಕೊಂಡು ಓದುತ್ತೇನೆ.


ಕಾಳುಮೆಣಸು
ಜುಲೈ 14, ರಾತ್ರಿ 10:02

ಅಕ್ಕ, ನಿಮಗೆ ಒಂದು ನಮಸ್ಕಾರ.

ನನ್ನ ಮೊದಲನೇ ಮಾತು ಒರಟಾಯ್ತು ಅಂತ ಮನೆಯವಳು ಹೇಳಿದಳು. ಇರಲಿ. ಬಿಡಲಿಕ್ಕೆ ಆಗ್ತಿಲ್ಲ ಅಂದ್ರಲ್ಲ, ಹಾಗಾದ್ರೆ ತೋಟದವನ ಲೆಕ್ಕದಲ್ಲಿ ಒಂದು ಹೇಳ್ತೇನೆ. ಸ್ಫೂರ್ತಿ ಬರ್ಲಿ ಅಂತ ಕಾಯೋರು ಹೂಮಳೆ, ಅಂದ್ರೆ ಕಾಫಿ ಹೂವು ಬಿಡಿಸುವ ಮಳೆ, ಕಾಯೋರ ಹಾಗೆ. ನಮ್ಮಪ್ಪನ ಕಾಲದಲ್ಲಿ ಮಾರ್ಚ್‌ನಲ್ಲಿ ಆಕಾಶ ನೋಡ್ತಾ ಕೂರ್ತಿದ್ರು. ಈಗ ರೊಬಸ್ಟಾ ಕಾಫಿ ಇರೋರು ಯಾರು ಕೂರ್ತಾರೆ? ಕೆರೆಯಿಂದ ಸ್ಪ್ರಿಂಕ್ಲರ್ ಎಳೆದು ನೀರು ಹೊಡೀತೇವೆ, ಎಂಟು ಹತ್ತು ದಿನಕ್ಕೆ ಹೂವು ಬಿಡ್ತದೆ. ಗಿಡಕ್ಕೆ ಮಳೆಯಾ ಪೈಪಾ ಅಂತ ಗೊತ್ತಾಗೋದಿಲ್ಲ.

ಆದ್ರೆ ಹೊಸಬರು ಎಡವೋದು ಅಲ್ಲಲ್ಲ. ಹೂವು ನೋಡಿ ಫೋಟೋ ತೆಗೆದು ಕುಣೀತಾರೆ. ಹೂವಾದ ಮೂರು ವಾರದೊಳಗೆ ಇನ್ನೊಂದು ನೀರು ಬೇಕು, ಬ್ಯಾಕಿಂಗ್. ಅದು ಇಲ್ಲದಿದ್ರೆ ಕಾಯಿ ಕಚ್ಚೋದಿಲ್ಲ. ನೀವು ಬರೆದ ಮೇಲೆ ಎರಡನೇ ನೀರು ಕೊಟ್ಟಿದ್ದೀರಾ? ಅಂದ್ರೆ ವಾಪಸ್ ಕೂತು ಓದಿ ತಿದ್ದಿದ್ದೀರಾ? ಇಲ್ಲ ಒಂದೇ ಏಟಿಗೆ ಬರೆದು ಕಳಿಸಿಬಿಟ್ಟದ್ದಾ? ಸಿಟ್ಟಾಗಬೇಡಿ, ಕೇಳಿದೆ ಅಷ್ಟೇ.

ನನಗೂ ಒಂದು ಪ್ರತಿ.


ಅರೆಭಾಷೆ ಹೈದ, ಭಾಗಮಂಡಲ ಹತ್ತಿರ
ಜುಲೈ 16, ಸಂಜೆ 6:30

ಎರಡು ದಿನದಿಂದ ಕರೆಂಟು ಇಲ್ಲ, ನೆಟ್‌ವರ್ಕೂ ಇಲ್ಲ, ಈಗ ಗುಡ್ಡ ಹತ್ತಿ ಓದ್ತಿದ್ದೇನೆ. ಜಿಗಣೆ ಹತ್ತುವ ಮುಂಚೆ ಬೇಗ ಹೇಳ್ತೇನೆ.

ನಾನು ಬರೆಯೋದು ಅರೆಭಾಷೆಲಿ, ನಮ್ಮ ಕಡೆ ಗೌಡರ ಮನೆಮಾತು. ನಮಗೆ ಒಂದು ಅಕಾಡೆಮಿ ಉಂಟು ಮಡಿಕೇರಿಲಿ, ಪುಸ್ತಕವೂ ಬರ್ತವೆ, ಆದ್ರೆ ಕನ್ನಡ ಪತ್ರಿಕೆಗೆ ನನ್ನ ಕಥೆ ಕಳಿಸೋ ಹಾಗಿಲ್ಲ, ಕನ್ನಡಕ್ಕೆ ತಿರುಗಿಸಿದ್ರೆ ಜೀವ ಹೋಗ್ತದೆ. ಹಾಗಾಗಿ ನಾನು ಕಥೆಯನ್ನ ಓದಿ ರೆಕಾರ್ಡ್ ಮಾಡಿ ಕುಟುಂಬದ ಗ್ರೂಪಿಗೆ ಹಾಕ್ತೇನೆ. ನಲವತ್ತು ಚಿಲ್ಲರೆ ಜನ. ನಮ್ಮಜ್ಜಿಗೆ ಓದಲಿಕ್ಕೆ ಬರೋದಿಲ್ಲ, ಆದ್ರೆ ಎಲ್ಲಿ ಬೋರಾಯ್ತು ಅಂತ ಅವರಷ್ಟು ಸರಿಯಾಗಿ ಯಾವ ಸಂಪಾದಕರೂ ಹೇಳಲಿಕ್ಕಿಲ್ಲ. "ಇಲ್ಲಿ ನಂಗೆ ನಿದ್ದೆ ಬಂತು" ಅಂತಾರೆ. ಅಲ್ಲಿ ಕತ್ತರಿ ಹಾಕ್ತೇನೆ.

ಅಣ್ಣ, ನಿಮ್ಮ ಕಥೆ ಯಾರಿಗಾದ್ರೂ ಜೋರಾಗಿ ಓದಿ ಹೇಳಿದ್ದೀರಾ? ಭಾವನಿಗೆ ಬೇಡ. ಕವರು ನೋಡೋರಿಗೆ ಬೇಡ.


ನಿವೃತ್ತ ಮೇಷ್ಟ್ರು
ಜುಲೈ 17, ಬೆಳಿಗ್ಗೆ 10:40

ಜಂಬೂರಿನ ತಾಯಿಯವರ ಮಾತು ಎರಡು ದಿನ ನನ್ನನ್ನು ಕೊರೆಯಿತು. ಒಪ್ಪಿದೆ. ಮೇಷ್ಟ್ರ ಚಾಳಿ, ಉದಾಹರಣೆ ಕೊಡದೆ ಬಾಯಿ ಮುಚ್ಚಲು ಬರುವುದಿಲ್ಲ.

ಆದರೂ ಇನ್ನೊಂದು ಕೊಡುತ್ತೇನೆ. ತಕ್ಕಡಿಗೆ ಅಲ್ಲ, ತಾಯಿಯವರ ನಲವತ್ತು ಹಾಳೆ ಓದಿ ನೆನಪಾದದ್ದು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಿರಿಯರ ಬಾಯಿಂದ ಕೊಡವ ಹಾಡು, ಗಾದೆ, ಕಟ್ಟುಪಾಡುಗಳನ್ನು ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡು 1924ರಲ್ಲಿ "ಪಟ್ಟೋಲೆ ಪಳಮೆ" ಅಚ್ಚು ಮಾಡಿಸಿದರು. ಅವರೂ "ಬರಿ" ಎಂದವರದ್ದನ್ನು ಬರೆದುಕೊಂಡವರೇ. ಅದು ಪೂರ್ತಿಯಾಗಿ ಇಂಗ್ಲಿಷಿಗೆ ಹೋದದ್ದು 2003ರಲ್ಲಿ, ಮಾಡಿದವರು ಅವರ ಮೊಮ್ಮಕ್ಕಳೇ. ಆ ಹಾಳೆಗಳನ್ನು ಅಟ್ಟದಲ್ಲಿ ಇಡಬೇಡಿ ತಾಯಿ.

ನನಗೂ ಒಂದು ಪ್ರತಿ ಬರಲಿ. ಕೆಂಪು ಶಾಯಿ ನನ್ನ ಹತ್ತಿರ ಇನ್ನೂ ಇದೆ.


ಅಚ್ಚಿನಮೊಳೆ
ಜುಲೈ 17, ಮಧ್ಯಾಹ್ನ 1:10

ಕೆಂಪು ಶಾಯಿ ಅಂದಾಗ ನೆನಪಾಯ್ತು. ಹಳೇ ಕಾಲದಲ್ಲಿ ತಪ್ಪು-ಒಪ್ಪು ಪಟ್ಟಿ ಅಂತ ಒಂದು ಚೀಟಿ ಅಚ್ಚು ಹಾಕಿ ಪುಸ್ತಕಕ್ಕೆ ಅಂಟಿಸ್ತಿದ್ದರು. ನಿಮ್ಮದಕ್ಕೆ ಚೀಟಿ ಸಾಲೋದಿಲ್ಲ, ಚೀಟಿಯೇ ಒಂದು ಫಾರಂ ಆಗ್ತದೆ. ಕೈಯಲ್ಲೇ ತಿದ್ದಿ. ಕೇಳಿದವರಿಗೆ ಮಾತ್ರ, ದಿನಕ್ಕೆ ಐದೋ ಹತ್ತೋ.


ಚೆಕ್‌ರೋಲ್
ಆಗಸ್ಟ್ 3, ರಾತ್ರಿ 10:15

ಇವತ್ತು ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸ ತಿಂದು ಕೂತಿದ್ದೇನೆ, ಬೆರಳು ನೇರಳೆ, ಅದರ ಮೇಲೆ ಕೆಂಪು ಶಾಯಿ. ಬಟವಾಡೆ ಪುಸ್ತಕ ಮುಟ್ಟಲಿಕ್ಕೆ ಹೆದರಿಕೆ.

ಉತ್ತರ ಕೊಡಲಿಕ್ಕೆ ತಡವಾಯ್ತು. ಮೆಣಸಿನವರ ಪ್ರಶ್ನೆಗೆ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಎರಡನೇ ನೀರು ಕೊಟ್ಟಿಲ್ಲ ಅಂತ ಗೊತ್ತಿದ್ದದ್ದಕ್ಕೇ ಬಂದದ್ದು.

ಮೊಳೆಯವರು ಹೇಳಿದ ಹಾಗೆ ಅಟ್ಟದಿಂದ ಹತ್ತು ಹತ್ತು ಪ್ರತಿ ಇಳಿಸಿ ತಿದ್ದಲಿಕ್ಕೆ ಕೂತೆ. ಒಂದು ಪ್ರತಿಯಲ್ಲಿ 83 ಒಂಬತ್ತು. ಎಣಿಸದೇ ಇರಲಿಕ್ಕೆ ನನಗೆ ಬರುವುದಿಲ್ಲ. ಮೊದಲ ಮೂರು ಪ್ರತಿಗೆ ಸಿಟ್ಟಿನಲ್ಲೇ ಗೀರಿದೆ. ಆರನೇದೋ ಏಳನೇದೋ ಆಗುವಾಗ ಒಂಬತ್ತು ಎಲ್ಲಿ ಉಂಟು ಅಂತ ಕೈಗೇ ಗೊತ್ತಾಗಿಹೋಯ್ತು. ಕಣ್ಣಿಗೆ ಕೆಲಸ ಇಲ್ಲ. ಅದು ಸುಮ್ಮನೆ ಇರಬೇಕಲ್ಲ, ಕಥೆ ಓದಲಿಕ್ಕೆ ಶುರು ಮಾಡಿತು.

ಕೊನೆಯ ಕಥೆಯಲ್ಲಿ ಒಬ್ಬಳು ತೋಟದ ಆಳುಗಳ ಲೈನ್‌ಮನೆ ಬಿಟ್ಟು ತಗಡಿನ ಪೆಟ್ಟಿಗೆ ಹಿಡಿದು ಸಿದ್ದಾಪುರ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾಳೆ. ಅಲ್ಲಿಂದ ನಾನು ಅರ್ಧ ಪುಟ ಬದುಕಿನ ದಾರಿ, ಬಸ್ಸಿನ ದಾರಿ ಅಂತೆಲ್ಲ ಉಪದೇಶ ಬರೆದಿದ್ದೆ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು ನನಗೆ. ಹದಿನೈದನೇ ಪ್ರತಿಯಲ್ಲಿ ಅದನ್ನು ಮತ್ತೆ ಓದಲಿಕ್ಕೆ ಆಗದೆ ಕೊನೆಯ ಪ್ಯಾರ ಹೊಡೆದು ಹಾಕಿದೆ. ಇಪ್ಪತ್ತಮೂರರಲ್ಲಿ ಅದರ ಹಿಂದಿನದ್ದೂ ಹೋಯ್ತು. ಆಮೇಲೆ ಕಥೆ ಥಟ್ಟಂತ ನಿಂತುಬಿಡುತ್ತದೆ, ಅವಳು ಪೆಟ್ಟಿಗೆ ಹಿಡಿದು ಅಲ್ಲೇ ಉಳಿದಳು. ಪಾಪ ಅನ್ನಿಸಿ ಮೂವತ್ತೊಂದನೇ ಪ್ರತಿಯಲ್ಲಿ ಅಂಚಿನಲ್ಲಿ ನಾಲ್ಕು ಸಾಲು ಬರೆದೆ. ಮಾರನೇ ರಾತ್ರಿ ಅದು ಸರಿ ಕಾಣಲಿಲ್ಲ, ಬೇರೆ ಪ್ರತಿಯಲ್ಲಿ ಬೇರೆ ಬರೆದೆ.

ಹೀಗೆ ಅರವತ್ತು ದಾಟಿದೆ. ದಿನಾ ರಾತ್ರಿ ಒಂದೂವರೆ ಗಂಟೆ ಕೂರುತ್ತೇನೆ. ನಾನು ಬರೆಯುತ್ತಾ ಇದ್ದೇನೆ ಅಂತ ನನಗೆ ಗೊತ್ತಾದದ್ದು ಹೆಂಡತಿ ಕೇಳಿದಾಗ, "ತಿದ್ದುವುದು ಅಂದಿರಿ, ಇಷ್ಟುದ್ದ ಎಂತ ತಿದ್ದುವುದು?"

ಅವಳಿಗೇ ಓದಿ ಹೇಳಿದೆ, ಹೈದ ಹೇಳಿದ ಹಾಗೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ. ಅವಳು ಹೇಳಿದ್ದು ಒಂದೇ, "ಆ ಹೊತ್ತಿಗೆ ಸಿದ್ದಾಪುರದಲ್ಲಿ ಮೈಸೂರು ಬಸ್ಸೇ ಇಲ್ಲ."

ಯಾವ ಪ್ರತಿಯಲ್ಲಿ ಏನು ಬರೆದೆ ಅಂತ ಲೆಕ್ಕ ಇಟ್ಟಿಲ್ಲ. ರೈಟರ್ ಅನ್ನಿಸಿಕೊಂಡವನಿಗೆ ನಾಚಿಕೆಗೇಡು. ಕೇಳಿದವರೆಲ್ಲ ವಿಳಾಸ ಮೆಸೇಜಿನಲ್ಲಿ ಕಳಿಸಿ, ಈ ವಾರ ಅಂಚೆಗೆ ಹಾಕುತ್ತೇನೆ. ದುಡ್ಡು ಬೇಡ.


ಕಿತ್ತಳೆ ಸಿಪ್ಪೆ
ಆಗಸ್ಟ್ 3, ರಾತ್ರಿ 10:40

ನನಗೂ ನನಗೂ. ಬೂಕರ್ ವಿಷಯ ತೆಗೆದದ್ದಕ್ಕೆ ಸಾರಿ ಅಣ್ಣ.


ಅಚ್ಚಿನಮೊಳೆ
ಆಗಸ್ಟ್ 4, ಬೆಳಿಗ್ಗೆ 9:30

ಇನ್ನೂರೂ ಮುಗಿದ ಮೇಲೆ ಕೊನೆಯದ್ದನ್ನು ನನಗೆ ಕಳಿಸಿ. ಯೂನಿಕೋಡಿನಲ್ಲೇ ಹೊಸದಾಗಿ ಕಂಪೋಸ್ ಮಾಡಿ ಕೊಡ್ತೇನೆ. ಕರಡು ಮೂರು ಸಲ ನೋಡದೆ ಅಚ್ಚಿಗೆ ಬಿಡೋದಿಲ್ಲ, ನೀವು ಸಂಕೋಚಪಟ್ಟರೂ ಬಿಡೋದಿಲ್ಲ.


ಕಿತ್ತಳೆ ಸಿಪ್ಪೆ
ಸೆಪ್ಟೆಂಬರ್ 1, ರಾತ್ರಿ 8:10

ಪುಸ್ತಕ ಬಂತು! ಎರಡು ರಾತ್ರಿಯಲ್ಲಿ ಮುಗಿಸಿದೆ. ಮೂರನೇ ಕಥೆ ಉಂಟಲ್ಲ (ಇದನ್ನು ಬೇಕಂತಲೇ ಹೀಗೆ ಶುರು ಮಾಡಿದ್ದು), ಅದರಲ್ಲಿ ಗೊಬ್ಬರದ ಮೂಟೆ ಮೇಲೆ ಮಲಗಿದ ಮಗು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಐದನೆಯದು ನನಗೆ ಹಿಡಿಸಲಿಲ್ಲ, ಗಂಡಸರೆಲ್ಲ ಒಂದೇ ಥರ ಮಾತಾಡ್ತಾರೆ.

ಕೊನೆಯದ್ದರಲ್ಲಿ ಅವಳು ಬಸ್ ಹತ್ತದೇ ವಾಪಸ್ ಲೈನಿಗೆ ಹೋದದ್ದು ಯಾಕೆ ಅಂತ ಅರ್ಥ ಆಗಲಿಲ್ಲ. ಸಿಟ್ಟೇ ಬಂತು.


ಜಂಬೂರು ಅಕ್ಕ
ಸೆಪ್ಟೆಂಬರ್ 1, ರಾತ್ರಿ 8:55

ಹತ್ತಿದಳಲ್ಲ? ಬಸ್ ಹತ್ತಿ, ಮಳೆ ಒಳಗೆ ಬರುತ್ತದೆ ಅಂತ ಕಿಟಕಿ ಹಾಕಿಕೊಂಡಳು. ಅಲ್ಲಿಗೆ ಮುಗಿಯಿತು. ನನಗೆ ಅದು ಬಹಳ ಹಿಡಿಸಿತು, ತಿರುಗಿ ನೋಡಲಿಲ್ಲ ಅಂತ ಬರೆಯದೆ ಕಿಟಕಿ ಹಾಕಿಸಿದ್ದು.


ಕಾಳುಮೆಣಸು
ಸೆಪ್ಟೆಂಬರ್ 1, ರಾತ್ರಿ 9:30

ಯಾವ ಬಸ್ಸು? ನನ್ನದರಲ್ಲಿ ಬಸ್ಸೇ ಬರಲಿಲ್ಲ. ರಸ್ತೆಗೆ ಆನೆ ಬಂದು ಎಲ್ಲ ನಿಂತುಹೋಗಿ, ಅವಳು ಪೆಟ್ಟಿಗೆ ಮೇಲೆ ಕೂತು ಚಕ್ಕುಲಿ ತಿಂತಾಳೆ. ಮಾರಾಯ್ರೆ, ನಾನು ನಕ್ಕದ್ದು ನೋಡಿ ಮನೆಯವಳು ಓದಿದಳು.


ನಿವೃತ್ತ ಮೇಷ್ಟ್ರು
ಸೆಪ್ಟೆಂಬರ್ 2, ಬೆಳಿಗ್ಗೆ 11:15

ನನ್ನ ಪ್ರತಿಯಲ್ಲಿ ಬದುಕಿನ ದಾರಿ, ಬಸ್ಸಿನ ದಾರಿ ಎಂಬ ಭಾಗ ಹಾಗೆಯೇ ಇದೆ. ಒಂದು ಗೀರೂ ಬಿದ್ದಿಲ್ಲ. ಇದು ಕಣ್ತಪ್ಪೋ, ಅಥವಾ ನನಗೆ ಉಪದೇಶವೇ ಇಷ್ಟ ಎಂದು ಬೇಕೆಂದೇ ಕಳಿಸಿದ್ದೋ?


ಚೆಕ್‌ರೋಲ್
ಸೆಪ್ಟೆಂಬರ್ 2, ರಾತ್ರಿ 9:45

ಮೇಷ್ಟ್ರೇ, ಕ್ಷಮಿಸಿ, ನಿಮಗೆ ಹೋದದ್ದು ಮೂರನೇ ಪ್ರತಿ ಇರಬೇಕು, ಸಿಟ್ಟಿನ ಕಾಲದ್ದು. ಬೇರೆ ಕಳಿಸುತ್ತೇನೆ.

ನಾಳೆ ಕೈಲ್‌ಪೊಳ್ದ್, ಕೊಡಗಿನ ಆಯುಧ ಹಬ್ಬ, ಹಾಜರಿಗೆ ಆಳು ಕಮ್ಮಿ, ಬೆಳಿಗ್ಗೆ ಸ್ವಲ್ಪ ಬಿಡುವು ಸಿಕ್ಕೀತು. ಅಕ್ಕ, ನಿಮ್ಮ ಪ್ರತಿಯ ಕೊನೆಯ ಪುಟದ್ದು ಒಂದು ಫೋಟೋ ತೆಗೆದು ಹಾಕಿ. ಕಿಟಕಿ ಹಾಕಿಸಿದ್ದು ನಾನೇ ಬರೆದದ್ದಾ ಅಂತ ನೆನಪೇ ಇಲ್ಲ, ನೋಡಬೇಕು.